ಅಮೆರಿಕದ ಚುನಾವಣೆ ಹೊತ್ತಿನ ಟಿವಿ ಮಾತನ್ನು ಸೋಸಿ ಕೇಳುವುದು ಹೇಗೆ?

ಅಮೆರಿಕದಲ್ಲಿ ಮುಂದಿನ ಅಧ್ಯಕ್ಷ ಚುನಾವಣೆ 2028ರ ನವೆಂಬರ್ 7ಕ್ಕೆ. ಮಾತು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ, ಒಂದೂವರೆ ವರ್ಷ ಮೊದಲೇ ಶುರುವಾಗಿಬಿಡುತ್ತದೆ. ಟಿವಿಯಲ್ಲಿ ಒಬ್ಬರು ಕೂಗುತ್ತಾರೆ, ಪಾಡ್‌ಕಾಸ್ಟಿನಲ್ಲಿ ಇನ್ನೊಬ್ಬರು ಮೂರು ಗಂಟೆ ಮಾತಾಡುತ್ತಾರೆ, ಅದರಲ್ಲಿ ಅರ್ಧ ನಿಮಿಷದ ತುಣುಕು ನ್ಯೂಜೆರ್ಸಿಯಲ್ಲಿರುವ ಸೊಸೆಯ ಫೋನಿನಿಂದ ಮೈಸೂರಿನ ಅತ್ತೆಯ ಫೋನಿಗೆ ಬಂದು, ಅಲ್ಲಿಂದ ನೆಂಟರ ಗುಂಪಿಗೆಲ್ಲ ಹರಡುತ್ತದೆ.

ಇದನ್ನೆಲ್ಲ ನೋಡುವ ಕನ್ನಡಿಗರು ಹಲವು ಬಗೆ. ಅಲ್ಲಿನ ಪೌರತ್ವ ಪಡೆದು ಮತ ಹಾಕುವವರಿದ್ದಾರೆ. ಎಚ್-1ಬಿ ವೀಸಾ ಮೇಲಿದ್ದು, ಮತ ಇಲ್ಲದಿದ್ದರೂ ಫಲಿತಾಂಶದ ಬಿಸಿ ಮೊದಲು ತಟ್ಟುವುದು ತಮಗೇ ಅಂತ ಗೊತ್ತಿರುವವರಿದ್ದಾರೆ. ಮಕ್ಕಳು ಅಲ್ಲಿದ್ದಾರೆ ಅಂತ ಊರಲ್ಲಿ ಕೂತು ನೋಡುವ ಅಪ್ಪ ಅಮ್ಮ ಇದ್ದಾರೆ. ಯಾರು ಗೆಲ್ಲಬೇಕು ಅಂತ ನಾನಿಲ್ಲಿ ಹೇಳುತ್ತಿಲ್ಲ. ಕಿವಿಗೆ ಬಿದ್ದ ಮಾತನ್ನು ಪರೀಕ್ಷಿಸುವ ಬಗೆ ಹೇಳುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಪಕ್ಷದ ಕಡೆ ನಿಂತು ಮಾತಾಡುವುದು ತಪ್ಪಲ್ಲ. ಪ್ರಜಾಪ್ರಭುತ್ವಕ್ಕೆ ಅದು ಬೇಕು ಕೂಡ. ತಾನು ಯಾರ ಕಡೆ, ತನಗೆ ಸಂಬಳ ಎಲ್ಲಿಂದ ಅನ್ನುವುದನ್ನು ಮುಚ್ಚಿಟ್ಟು ಮಾತಾಡುವುದು ತಪ್ಪು. ಮಾಧ್ಯಮವನ್ನು ಟೀಕಿಸುವುದೂ ಒಳ್ಳೆಯದೇ. ಆದರೆ ಎದುರು ಪಕ್ಷದವರು ನೋಡುವ ಚಾನೆಲ್ಲಿನ ತಪ್ಪು ಮಾತ್ರ ಕಾಣಿಸುತ್ತಿದೆ ಅಂದರೆ, ನಮಗೆ ಗೊತ್ತಿಲ್ಲದೆಯೇ ನಾವು ಯಾರದೋ ಪ್ರಚಾರದ ಕೆಲಸ ಮಾಡುತ್ತಿದ್ದೇವೆ.

ಹೆಜ್ಜೆ 1: ಮಾತಾಡುವವರ ಕೆಲಸ ಏನು ಅಂತ ನೋಡಿ

ಅಲ್ಲಿನ ದೊಡ್ಡ ಪತ್ರಿಕೆಗಳಲ್ಲಿ ಸುದ್ದಿ ಬರೆಯುವವರು ಬೇರೆ, ಅಭಿಪ್ರಾಯ ಬರೆಯುವವರು ಬೇರೆ. ವಾಲ್ ಸ್ಟ್ರೀಟ್ ಜರ್ನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಂಪಾದಕೀಯ ಪುಟ ಬಲಪಂಥದ್ದು, ಸುದ್ದಿ ವಿಭಾಗ ಆ ಪುಟದ ಮಾತು ಕೇಳಿ ನಡೆಯುವುದಿಲ್ಲ. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಮಂಡಳಿ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಯೊಬ್ಬರನ್ನು ಬೆಂಬಲಿಸಿದ್ದು ಕೊನೆಯ ಸಲ 1956ರಲ್ಲಿ, ಐಸೆನ್‌ಹೋವರ್ ಅವರನ್ನು. ಅದು ಆ ಮಂಡಳಿಯ ಒಲವು. ಅದನ್ನು ಹಿಡಿದುಕೊಂಡು ಅದೇ ಪತ್ರಿಕೆಯ ವರದಿಗಾರರು ತಂದ ಟ್ರಂಪ್ ತೆರಿಗೆ ದಾಖಲೆಯನ್ನೂ ಸುಳ್ಳು ಅನ್ನಲು ಬರುವುದಿಲ್ಲ. ಆದ್ದರಿಂದ ಲೇಖನದ ತಲೆಯಲ್ಲಿ 'ಅಭಿಪ್ರಾಯ' ಅಂತ ಇದೆಯಾ ಅಂತ ಮೊದಲು ನೋಡಿ. ವಾಟ್ಸಾಪಿನಲ್ಲಿ ಬರುವ ಸ್ಕ್ರೀನ್‌ಶಾಟಿನಲ್ಲಿ ಆ ಗುರುತು ಎಷ್ಟೋ ಸಲ ಕತ್ತರಿಸಿ ಹೋಗಿರುತ್ತದೆ.

ಟಿವಿಯಲ್ಲಿ ಇದು ಇನ್ನೂ ಕಷ್ಟ. ಮೇಜಿನ ಸುತ್ತ ಆರು ಜನ ಕೂತಿರುತ್ತಾರೆ. ಅವರಲ್ಲಿ ವರದಿಗಾರರು ಒಬ್ಬರೋ ಇಬ್ಬರೋ. ಉಳಿದವರಲ್ಲಿ ಹೆಚ್ಚಿನವರು ಹಿಂದೆ ಯಾವುದೋ ಪಕ್ಷಕ್ಕೆ ಕೆಲಸ ಮಾಡಿದ, ಈಗ ಚಾನೆಲ್ ಸಂಬಳ ಕೊಟ್ಟು ಕೂರಿಸಿಕೊಂಡ ಜನ. 2016ರಲ್ಲಿ ಸಿಎನ್‌ಎನ್‌ನಲ್ಲಿ ಏನಾಯಿತು ನೋಡಿ. ಟ್ರಂಪ್ ಪ್ರಚಾರದಿಂದ ಹೊರಬಿದ್ದ ಕೋರಿ ಲೆವಾಂಡೋವ್ಸ್ಕಿಯನ್ನು ಕೆಲವೇ ದಿನಗಳಲ್ಲಿ ವಿಶ್ಲೇಷಕರಾಗಿ ತೆಗೆದುಕೊಂಡರು. ಅವರಿಗೆ ಆಗಲೂ ಪ್ರಚಾರ ತಂಡದಿಂದ ಕೆಲಸ ಬಿಟ್ಟ ಪರಿಹಾರದ ಹಣ ಬರುತ್ತಿತ್ತು. ಅದೇ ವರ್ಷ ಅದೇ ಚಾನೆಲ್ಲಿನ ಇನ್ನೊಬ್ಬ ವಿಶ್ಲೇಷಕಿ, ಡೆಮಾಕ್ರಟಿಕ್ ಪಕ್ಷದ ಡೋನಾ ಬ್ರಜೀಲ್, ಪಕ್ಷದೊಳಗಿನ ಸ್ಪರ್ಧೆಯ ಕಾರ್ಯಕ್ರಮಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಹಿಲರಿ ಕ್ಲಿಂಟನ್ ತಂಡಕ್ಕೆ ಮೊದಲೇ ಮುಟ್ಟಿಸಿದ್ದು ಸೋರಿಕೆಯಾದ ಇಮೇಲ್‌ಗಳಿಂದ ಹೊರಬಂತು. ಚಾನೆಲ್ ಅವರ ಜೊತೆ ಸಂಬಂಧ ಕಡಿದುಕೊಂಡಿತು. ಒಂದೇ ಮೇಜು, ಎರಡೂ ಪಕ್ಷ, ಒಂದೇ ರೋಗ.

ಹಾಗಾಗಿ ಯಾರಾದರೂ ತುಂಬ ಖಚಿತವಾಗಿ ಮಾತಾಡಿದರೆ ಅವರ ಹೆಸರು ಬರೆದುಕೊಳ್ಳಿ, ಆಮೇಲೆ ಹುಡುಕಿ. ಹಿಂದೆ ಯಾರ ಕಚೇರಿಯಲ್ಲಿದ್ದರು? ಈಗ ಯಾವ ಸಂಸ್ಥೆಗೆ ಸಲಹೆ ಕೊಡುತ್ತಾರೆ? ಹೋದ ಚುನಾವಣೆಯಲ್ಲಿ ಇಷ್ಟೇ ಖಚಿತವಾಗಿ ಏನು ಹೇಳಿದ್ದರು? ಐದು ನಿಮಿಷದ ಕೆಲಸ.

ಹೆಜ್ಜೆ 2: ಕಾನೂನಿನಲ್ಲಿ ಇಲ್ಲದ್ದನ್ನು ಇದೆ ಅಂದುಕೊಳ್ಳಬೇಡಿ

'ಎರಡೂ ಕಡೆಯ ಮಾತು ತೋರಿಸಬೇಕು ಅಂತ ಕಾನೂನು ಇದೆ ಅಲ್ವಾ?' ಅಂತ ತುಂಬ ಜನ ಕೇಳುತ್ತಾರೆ. ಹಿಂದೆ ಇತ್ತು. 1949ರಿಂದ 1987ರವರೆಗೆ ರೇಡಿಯೋ ಮತ್ತು ಟಿವಿ ಪ್ರಸಾರ ಕೇಂದ್ರಗಳಿಗೆ ಅಂಥದ್ದೊಂದು ನಿಯಮವಿತ್ತು, ವಿವಾದದ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯಕ್ಕೆ ಜಾಗ ಕೊಡಬೇಕು ಅಂತ. ಪ್ರಸಾರ ನಿಯಂತ್ರಣ ಆಯೋಗವೇ ಅದನ್ನು ತೆಗೆದುಹಾಕಿತು. ಮರುವರ್ಷ, 1988ರಲ್ಲಿ, ರಶ್ ಲಿಂಬಾ ಅವರ ಬಲಪಂಥದ ರೇಡಿಯೋ ಕಾರ್ಯಕ್ರಮ ದೇಶವಿಡೀ ಕೇಳಿಸತೊಡಗಿತು. 1996ರಲ್ಲಿ ಎಂಎಸ್‌ಎನ್‌ಬಿಸಿ ಮತ್ತು ಫಾಕ್ಸ್ ನ್ಯೂಸ್ ಮೂರು ತಿಂಗಳ ಅಂತರದಲ್ಲಿ ಶುರುವಾದವು. ಕೇಬಲ್ ಚಾನೆಲ್‌ಗಳಿಗೆ ಆ ಹಳೆಯ ನಿಯಮ ಹೇಗೂ ಅನ್ವಯ ಆಗುತ್ತಿರಲಿಲ್ಲ. ಪಾಡ್‌ಕಾಸ್ಟಿಗಂತೂ ಕೇಳುವುದೇ ಬೇಡ.

ಈಗ ಉಳಿದಿರುವುದು ಅಭ್ಯರ್ಥಿಗಳಿಗೆ ಸಮಾನ ಸಮಯ ಕೊಡುವ ನಿಯಮ. ಅದರಿಂದಲೂ ಸುದ್ದಿ ಸಂದರ್ಶನ ಮತ್ತು ಸುದ್ದಿ ಕಾರ್ಯಕ್ರಮಗಳಿಗೆ ವಿನಾಯಿತಿ ಇದೆ. ಆದ್ದರಿಂದ ಒಂದು ಚಾನೆಲ್ ಒಬ್ಬರನ್ನೇ ಹೊಗಳುತ್ತಿದೆ ಅಂತ ಸಿಟ್ಟು ಬಂದರೆ 'ಕಾನೂನು ಮುರಿದರು' ಅನ್ನಬೇಡಿ. ಯಾವ ಸಂಗತಿಯನ್ನು ಮುಚ್ಚಿಟ್ಟರು ಅಂತ ಹೇಳಿ. ಆ ಮಾತಿಗೆ ತೂಕ ಜಾಸ್ತಿ.

ಹೆಜ್ಜೆ 3: ತುಣುಕು ನೋಡಿದ ಮೇಲೆ ಪೂರ್ತಿ ನೋಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

2012ರ ಜನವರಿಯಲ್ಲಿ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾತಾಡುತ್ತಾ, ಜನರನ್ನು ಕೆಲಸದಿಂದ ತೆಗೆಯುವುದು ತನಗೆ ಇಷ್ಟ ಎನ್ನುವ ಅರ್ಥ ಬರುವ ಒಂದು ಮಾತು ಆಡಿದರು. ತುಣುಕು ಮಾತ್ರ ಕೇಳಿದರೆ ಕ್ರೂರಿ ಅನ್ನಿಸುತ್ತದೆ. ಅವರು ಮಾತಾಡುತ್ತಿದ್ದದ್ದು ಆರೋಗ್ಯ ವಿಮೆ ಕಂಪನಿಗಳ ಬಗ್ಗೆ. ಸರಿಯಾಗಿ ಸೇವೆ ಕೊಡದ ಕಂಪನಿಯನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಅವಕಾಶ ಇರಬೇಕು ಅನ್ನೋದು ಅವರ ವಾದ. ಅದೇ ವರ್ಷ ಜುಲೈನಲ್ಲಿ ವರ್ಜೀನಿಯಾದ ರೊನೋಕ್‌ನಲ್ಲಿ ಒಬಾಮ, ವ್ಯಾಪಾರ ಇಟ್ಟವರಿಗೆ 'ಅದನ್ನು ಕಟ್ಟಿದ್ದು ನೀವಲ್ಲ' ಅಂದರು. ಅದರ ಹಿಂದಿನ ವಾಕ್ಯಗಳಲ್ಲಿ ರಸ್ತೆ, ಸೇತುವೆ, ಪಾಠ ಹೇಳಿಕೊಟ್ಟ ಮೇಷ್ಟ್ರ ಮಾತಿತ್ತು. ರಿಪಬ್ಲಿಕನ್ನರು ಆ ಒಂದು ವಾಕ್ಯವನ್ನು ಕಿತ್ತು ತಮ್ಮ ಸಮಾವೇಶದ ಘೋಷಣೆಗೇ ಬಳಸಿಕೊಂಡರು. ಎರಡೂ ಕಡೆಯವರು ಒಂದೇ ವರ್ಷದಲ್ಲಿ ಒಂದೇ ಕೆಲಸ ಮಾಡಿದರು. ಪೂರ್ತಿ ಕೇಳಿದ ಮೇಲೂ ನಿಮಗೆ ರಾಮ್ನಿ ಅಥವಾ ಒಬಾಮ ಹೇಳಿದ್ದು ಒಪ್ಪಿಗೆ ಆಗದೆ ಇರಬಹುದು, ಅದು ನಿಮ್ಮ ಹಕ್ಕು, ಆದರೆ ಆಗ ನೀವು ಜಗಳ ಆಡುವುದು ಅವರು ನಿಜವಾಗಿ ಹೇಳಿದ ಮಾತಿನ ಜೊತೆ.

ಪೂರ್ತಿ ಎಲ್ಲಿ ಸಿಗುತ್ತದೆ? ಸಿ-ಸ್ಪ್ಯಾನ್ ಅಂತ ಒಂದು ಸಂಸ್ಥೆ ಇದೆ. 1979ರಿಂದ ಸಂಸತ್ತಿನ ಕಲಾಪ ತೋರಿಸುತ್ತಿದೆ. ಪ್ರಚಾರ ಭಾಷಣಗಳನ್ನೂ ಕತ್ತರಿಸದೆ, ನಡುವೆ ಯಾರೂ ಬಾಯಿ ಹಾಕದೆ ತೋರಿಸುತ್ತದೆ. ಹಳೆಯ ವಿಡಿಯೋಗಳನ್ನು ಅದರ ಜಾಲತಾಣದಲ್ಲಿ ಹುಡುಕಬಹುದು. ತುಣುಕಿನ ಒಂದು ನಿಮಿಷ ಹಿಂದೆ, ಒಂದು ನಿಮಿಷ ಮುಂದೆ ಕೇಳಿದರೂ ಹೆಚ್ಚಿನ ಸಲ ಸಾಕಾಗುತ್ತದೆ.

ಸಂದರ್ಶನಗಳಲ್ಲಿ ಇನ್ನೊಂದು ತೊಡಕಿದೆ. 2024ರ ಅಕ್ಟೋಬರ್‌ನಲ್ಲಿ ಸಿಬಿಎಸ್‌ನ '60 ಮಿನಿಟ್ಸ್' ಕಾರ್ಯಕ್ರಮ ಕಮಲಾ ಹ್ಯಾರಿಸ್ ಸಂದರ್ಶನ ಮಾಡಿತು. ಒಂದೇ ಪ್ರಶ್ನೆಗೆ ಅವರು ಕೊಟ್ಟ ಉತ್ತರದ ಒಂದು ಭಾಗ ಒಂದು ಕಾರ್ಯಕ್ರಮದಲ್ಲಿ, ಬೇರೆ ಭಾಗ ಇನ್ನೊಂದರಲ್ಲಿ ಬಂತು. ಟ್ರಂಪ್ ಮೊಕದ್ದಮೆ ಹೂಡಿದರು. ಪೂರ್ತಿ ಬರಹರೂಪ ಹೊರಬಂದದ್ದು 2025ರ ಫೆಬ್ರವರಿಯಲ್ಲಿ, ಅಂದರೆ ಚುನಾವಣೆ ಮುಗಿದು ಮೂರು ತಿಂಗಳ ಮೇಲೆ. ಜುಲೈನಲ್ಲಿ ಮಾಲೀಕ ಕಂಪನಿ ಪ್ಯಾರಾಮೌಂಟ್ 1.6 ಕೋಟಿ ಡಾಲರ್ ಕೊಟ್ಟು, ಕ್ಷಮೆ ಕೇಳದೆ, ವ್ಯಾಜ್ಯ ಮುಗಿಸಿತು. ಸುದ್ದಿಯನ್ನು ಎಡಿಟ್ ಮಾಡುವುದು ಎಲ್ಲ ಚಾನೆಲ್ಲಿನಲ್ಲೂ ದಿನಾ ನಡೆಯುವ ಕೆಲಸ, ಅದಕ್ಕೆ ಕೋಟಿಗಟ್ಟಲೆ ದಂಡ ತೆರುವ ಸ್ಥಿತಿ ಬಂದರೆ ವರದಿಗಾರರು ಹೆದರುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಪೂರ್ತಿ ಬರಹರೂಪವನ್ನು ಮೊದಲ ವಾರವೇ ಹಾಕಿದ್ದರೆ ಅನುಮಾನ ಇಷ್ಟು ಬೆಳೆಯುತ್ತಲೇ ಇರಲಿಲ್ಲ. ಯಾವ ಚಾನೆಲ್ಲೇ ಇರಲಿ, ಅಭ್ಯರ್ಥಿಯ ಸಂದರ್ಶನದ ಪೂರ್ತಿ ಬರಹರೂಪ ಕೇಳಿ. ಕೊಡುವವರನ್ನು ಜಾಸ್ತಿ ನಂಬಿ.

ಹೆಜ್ಜೆ 4: ಜಾಹೀರಾತಿನ ಕೊನೆಯ ಸಾಲು ಓದಿ

ಪೆನ್ಸಿಲ್ವೇನಿಯಾ, ಮಿಷಿಗನ್, ಜಾರ್ಜಿಯಾದಂಥ, ಯಾವ ಪಕ್ಷಕ್ಕೂ ಒಲಿಯಬಹುದಾದ ತೂಗುಯ್ಯಾಲೆ ರಾಜ್ಯಗಳಲ್ಲಿ ಇರುವವರಿಗೆ ಇದರ ಕಾಟ ಗೊತ್ತು. ಜಾಹೀರಾತಿನಲ್ಲಿ ಅಭ್ಯರ್ಥಿಯೇ ಬಂದು ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ ಅಂತ ಹೇಳಿದರೆ ಅದು ಅವರದ್ದೇ. 2002ರ ಕಾನೂನಿನಿಂದ ಬಂದ ಪದ್ಧತಿ ಅದು. ಹಾಗೆ ಹೇಳದೆ, ಯಾವ ಅಭ್ಯರ್ಥಿಯ ಅನುಮತಿಯೂ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬಂದರೆ ಅದು ಹೊರಗಿನ ಗುಂಪಿನದ್ದು, ಹೆಚ್ಚಾಗಿ ಸೂಪರ್ ಪ್ಯಾಕ್. 2010ರ ಕೋರ್ಟ್ ತೀರ್ಪುಗಳ ನಂತರ ಇಂಥ ಗುಂಪುಗಳು ಮಿತಿಯಿಲ್ಲದೆ ದುಡ್ಡು ಎತ್ತಬಹುದು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಅಭ್ಯರ್ಥಿಯ ಸ್ವಂತ ಜಾಹೀರಾತಿನಲ್ಲಿ ಸುಳ್ಳಿದ್ದರೂ ಪ್ರಸಾರ ಕೇಂದ್ರ ಅದನ್ನು ತಿದ್ದುವ ಹಾಗಿಲ್ಲ, ಸುಳ್ಳು ಅಂತ ತಡೆಯುವ ಹಾಗೂ ಇಲ್ಲ. ಹೊರಗಿನ ಗುಂಪಿನ ಜಾಹೀರಾತನ್ನು ಬೇಕಾದರೆ ನಿರಾಕರಿಸಬಹುದು. ಆದ್ದರಿಂದ 'ಟಿವಿಯಲ್ಲೇ ಬಂತು' ಅನ್ನುವುದು ನಿಜಕ್ಕೆ ಸಾಕ್ಷಿ ಅಲ್ಲವೇ ಅಲ್ಲ. ದುಡ್ಡು ಕೊಟ್ಟವರು ಯಾರು ಅಂತ ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಗುಂಪಿನ ಹೆಸರು ಹಾಕಿ ನೋಡಬಹುದು.

ದೇಣಿಗೆ ಕೇಳುವ ಸಂದೇಶ ನಿಮಗೂ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರು ಎರಡನ್ನೂ ಮಾಡುವಂತಿಲ್ಲ. ಗೆಳೆಯರ ಹೆಸರಿನಲ್ಲಿ ಕೊಡುವುದೂ ಅಪರಾಧ. ಊರಿನಿಂದ ಕಳಿಸುವ ಯೋಚನೆಯನ್ನೂ ಮಾಡಬೇಡಿ.

ಧ್ವನಿಯನ್ನೂ ನಂಬುವ ಕಾಲ ಹೋಯಿತು. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಮತದಾರರಿಗೆ ಬೈಡನ್ ಧ್ವನಿಯಲ್ಲಿ ಫೋನ್ ಬಂತು, ಪಕ್ಷದೊಳಗಿನ ಸ್ಪರ್ಧೆಯಲ್ಲಿ ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಅಂತ. ಎಐ ಮಾಡಿದ ಧ್ವನಿ ಅದು. ಮಾಡಿಸಿದ್ದು ಅದೇ ಡೆಮಾಕ್ರಟಿಕ್ ಪಕ್ಷದ ಒಬ್ಬ ಪ್ರಚಾರ ಸಲಹೆಗಾರ. ಅವರಿಗೆ 60 ಲಕ್ಷ ಡಾಲರ್ ದಂಡ ಬಿತ್ತು.

ಹೆಜ್ಜೆ 5: ಸಮೀಕ್ಷೆಯ ಅಂಕಿಯನ್ನು ಅದರ ಅಂಚಿನ ಜೊತೆ ಓದಿ

ಒಂದು ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಸುಮಾರು ಶೇ 3ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದು ಒಬ್ಬೊಬ್ಬ ಅಭ್ಯರ್ಥಿಯ ಅಂಕಿಗೆ. ಇಬ್ಬರ ನಡುವಿನ ಅಂತರಕ್ಕೆ ಅದು ಹತ್ತಿರಹತ್ತಿರ ದುಪ್ಪಟ್ಟು. ಹಾಗಾಗಿ 48ಕ್ಕೆ 46 ಅಂದರೆ ಯಾರೂ ಮುಂದಿಲ್ಲ ಅಂತಲೇ ಓದಿ. 'ಭಾರಿ ಮುನ್ನಡೆ' ಅಂತ ತಲೆಬರಹ ಹಾಕಿದವರನ್ನು ಗುರುತಿಟ್ಟುಕೊಳ್ಳಿ.

ಜಾಸ್ತಿ ಜನರನ್ನು ಕೇಳಿದರೆ ಸರಿ ಬರುತ್ತದೆ ಅನ್ನುವುದೂ ತಪ್ಪು. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಒಂದೇ ಸಮೀಕ್ಷೆಗೆ ಜೋತು ಬೀಳುವುದೂ ಹಾಗೇ. 2024ರ ಮತದಾನಕ್ಕೆ ಮೂರು ದಿನ ಇರುವಾಗ, ಒಳ್ಳೆಯ ಹೆಸರಿದ್ದ ಆನ್ ಸೆಲ್ಜರ್ ಅವರ ಐಯೋವಾ ಸಮೀಕ್ಷೆ ಹ್ಯಾರಿಸ್ 3 ಅಂಶ ಮುಂದಿದ್ದಾರೆ ಅಂದಿತು. ಡೆಮಾಕ್ರಟರ ಗುಂಪುಗಳಲ್ಲಿ ಹಬ್ಬವೋ ಹಬ್ಬ. ಟ್ರಂಪ್ ಆ ರಾಜ್ಯವನ್ನು 13 ಅಂಶಗಳಿಂದ ಗೆದ್ದರು.

ಇಡೀ ದೇಶದ ಸಮೀಕ್ಷೆಗಿಂತ ರಾಜ್ಯದ್ದು ಮುಖ್ಯ. ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತಗಳಲ್ಲಿ 270 ಪಡೆದವರು ಅಧ್ಯಕ್ಷರು. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 29 ಲಕ್ಷ ಮತ ಜಾಸ್ತಿ ಪಡೆದೂ ಸೋತರು.

ಹೆಜ್ಜೆ 6: ಮಾಧ್ಯಮದ ತಪ್ಪನ್ನು ಹೆಸರು ಹೇಳಿ ಹಿಡಿಯಿರಿ, ನಿಮ್ಮ ಕಡೆಯವರದ್ದನ್ನೂ

'ಮೀಡಿಯಾ ಎಲ್ಲ ಮಾರಿಹೋಗಿದೆ' ಅನ್ನುವ ಮಾತಿನಿಂದ ಯಾರೂ ಏನೂ ಕಲಿಯುವುದಿಲ್ಲ. ಸಿಂಕ್ಲೇರ್ ಕಂಪನಿ ಹತ್ತಿರ ದೇಶದುದ್ದಕ್ಕೂ ನೂರಕ್ಕೂ ಹೆಚ್ಚು ಸ್ಥಳೀಯ ಟಿವಿ ಕೇಂದ್ರಗಳಿವೆ. 2018ರಲ್ಲಿ ಆ ಕೇಂದ್ರಗಳ ಹತ್ತಾರು ಆಂಕರ್‌ಗಳು ಸುಳ್ಳು ಸುದ್ದಿಯ ಅಪಾಯದ ಬಗ್ಗೆ, ಬೇರೆ ಮಾಧ್ಯಮಗಳ ಪಕ್ಷಪಾತದ ಬಗ್ಗೆ, ಕಂಪನಿ ಬರೆದುಕೊಟ್ಟ ಒಂದೇ ಮಾತನ್ನು ಅಕ್ಷರ ಬಿಡದೆ ಓದಿದರು. ಯಾರೋ ಆ ವಿಡಿಯೋಗಳನ್ನು ಪಕ್ಕಪಕ್ಕ ಜೋಡಿಸಿದಾಗಲೇ ಅದು ಜನಕ್ಕೆ ಕಂಡದ್ದು. ಮಾಧ್ಯಮ ಟೀಕೆಯನ್ನೂ ಮೇಲಿನಿಂದ ಬರೆದು ಹಂಚಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸರಿಯಾದ ಟೀಕೆಯಲ್ಲಿ ಯಾವ ಸುದ್ದಿ, ಯಾವ ದಿನ, ಯಾವ ಸಂಗತಿ ತಪ್ಪು, ಗೊತ್ತಾದ ಮೇಲೆ ಅವರು ಏನು ಮಾಡಿದರು ಅನ್ನುವುದೆಲ್ಲ ಇರಬೇಕು. ಕೊನೆಯದ್ದು ಬಹಳ ಮುಖ್ಯ. 2004ರ ಸೆಪ್ಟೆಂಬರ್ 8ರಂದು ಸಿಬಿಎಸ್, ಅಧ್ಯಕ್ಷ ಬುಷ್ ಅವರ ನ್ಯಾಷನಲ್ ಗಾರ್ಡ್ (ಮೀಸಲು ಸೇನೆ) ಸೇವೆಯ ಬಗ್ಗೆ ಖಚಿತಪಡಿಸಿಕೊಳ್ಳದ ದಾಖಲೆಗಳನ್ನು ತೋರಿಸಿತು. ಹನ್ನೆರಡು ದಿನ ಸಮರ್ಥಿಸಿಕೊಂಡು ಆಮೇಲೆ ತಪ್ಪೊಪ್ಪಿಕೊಂಡಿತು, ಹೊರಗಿನವರಿಂದ ತನಿಖೆ ಮಾಡಿಸಿತು. ಆಂಕರ್ ಡ್ಯಾನ್ ರಾದರ್ ಮರುವರ್ಷ ಆ ಕುರ್ಚಿ ಬಿಟ್ಟರು. 2020ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಪೋಸ್ಟ್, ಬೈಡನ್ ಅವರ ಮಗ ಹಂಟರ್ ಲ್ಯಾಪ್‌ಟಾಪ್‌ನಲ್ಲಿದ್ದ ಇಮೇಲ್‌ಗಳ ಸುದ್ದಿ ಹಾಕಿದಾಗ ಟ್ವಿಟರ್ ಅದರ ಲಿಂಕನ್ನೇ ತಡೆಯಿತು. ಅದರ ಮುಖ್ಯಸ್ಥ ಜ್ಯಾಕ್ ಡಾರ್ಸಿಯೇ ಆಮೇಲೆ ಅದು ತಪ್ಪು ಅಂದರು. ಆ ಇಮೇಲ್‌ಗಳಲ್ಲಿ ಕೆಲವು ನಿಜ ಅಂತ ದೊಡ್ಡ ಪತ್ರಿಕೆಗಳು ಬರೆದದ್ದು 2022ರಲ್ಲಿ. ಡೆಮಾಕ್ರಟರ ಕಡೆ ಒಲವಿರುವವರು ಈ ಎರಡನ್ನೂ ಒಪ್ಪಬೇಕು. ಹಾಗೇ ರಿಪಬ್ಲಿಕನ್ನರ ಕಡೆಯವರು ಫಾಕ್ಸ್ ನ್ಯೂಸ್ ಕತೆಯನ್ನು ಒಪ್ಪಬೇಕು. 2020ರ ಸೋಲಿನ ನಂತರ ಡೊಮಿನಿಯನ್ ಮತಯಂತ್ರಗಳ ಮೇಲೆ ಹೊರಿಸಿದ ಮೋಸದ ಆರೋಪವನ್ನು ಆ ಚಾನೆಲ್ ಮತ್ತೆ ಮತ್ತೆ ಪ್ರಸಾರ ಮಾಡಿತು. ಅದರ ಆಂಕರ್‌ಗಳಲ್ಲಿ ಕೆಲವರು ಒಳಗೊಳಗೆ ಅದನ್ನು ನಂಬಿರಲಿಲ್ಲ ಅನ್ನುವುದು ಅವರದ್ದೇ ಸಂದೇಶಗಳಿಂದ ಕೋರ್ಟಿನಲ್ಲಿ ಬಯಲಾಯಿತು. 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ನನ್ನ ಮಟ್ಟಿಗೆ ಈ ಮೂರೂ ಒಂದೇ ತೂಕದ್ದಲ್ಲ. ಸುಳ್ಳು ಅಂತ ಗೊತ್ತಿದ್ದೂ ಪ್ರೇಕ್ಷಕರು ಬಿಟ್ಟುಹೋಗುತ್ತಾರೆ ಅಂತ ಹೇಳುತ್ತಾ ಹೋಗುವುದು ಅವಸರದ ತಪ್ಪಿಗಿಂತ ಬಹಳ ಕೆಟ್ಟದ್ದು.

ಮಾಲೀಕರ ಮೌನವನ್ನೂ ಗಮನಿಸಿ. 2024ರ ಅಕ್ಟೋಬರ್ 25ರಂದು ವಾಷಿಂಗ್ಟನ್ ಪೋಸ್ಟ್ ಯಾರನ್ನೂ ಬೆಂಬಲಿಸುವುದಿಲ್ಲ ಅಂತ ಪ್ರಕಟಿಸಿತು. ಆ ತೀರ್ಮಾನ ಮಾಲೀಕ ಜೆಫ್ ಬೆಜೋಸ್ ಅವರದ್ದು. ಮತದಾನಕ್ಕೆ ಹನ್ನೊಂದು ದಿನ ಇತ್ತು.

ನಮ್ಮ ಕಡೆಯ ಸುದ್ದಿಗೂ ಇದೇ ಅಳತೆ ಹಿಡಿಯಿರಿ. ಹ್ಯಾರಿಸ್ ಅವರ ತಾಯಿ ತಮಿಳರು, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಪತ್ನಿ ಉಷಾ ಅವರ ಮನೆತನ ತೆಲುಗಿನದ್ದು, ಮಿಷಿಗನ್‌ನಿಂದ 2022ರಲ್ಲಿ ಸಂಸತ್ತಿಗೆ ಗೆದ್ದ ಶ್ರೀ ಥಾಣೇದಾರ್ ಬೆಳಗಾವಿಯಲ್ಲಿ ಬೆಳೆದವರು. ಇದೆಲ್ಲ ನಿಜ, ಓದಲು ಖುಷಿ ಕೂಡ. ಆದರೆ ವೀಸಾ, ಸುಂಕ, ವಲಸೆ ಬಗ್ಗೆ ಅವರ ಪಕ್ಷ ಏನು ಮಾಡುತ್ತದೆ ಅಂತ ಹೇಳದೆ ಬರೀ 'ನಮ್ಮವರು' ಅಂತ ಅರ್ಧ ಗಂಟೆ ತೋರಿಸಿದರೆ, ಮಗಳ ಎಚ್-1ಬಿ ಏನಾಗುತ್ತದೋ ಅಂತ ಕಾಯುತ್ತಿರುವ ಅಮ್ಮನಿಗೆ ಅದರಿಂದ ಏನು ಸಿಕ್ಕಿತು?

ಗುಂಪಿನಲ್ಲಿ ದೊಡ್ಡಪ್ಪನೋ ಮಾವನೋ ತಪ್ಪು ಸುದ್ದಿ ಹಾಕಿದರೆ ಎಲ್ಲರ ಮುಂದೆ ಜಗಳಕ್ಕೆ ಹೋಗಬೇಡಿ. 'ದೊಡ್ಡಪ್ಪ, ಇದರ ಪೂರ್ತಿ ವಿಡಿಯೋ ಸಿಕ್ತು, ನೋಡಿ' ಅಂತ ಅವರೊಬ್ಬರಿಗೇ ಕಳಿಸಿ. ಅವರೇ ಗುಂಪಿಗೆ ಹಾಕುವ ಸಾಧ್ಯತೆ ಇರುತ್ತದೆ.

ಹೆಜ್ಜೆ 7: ಎಣಿಕೆಯ ರಾತ್ರಿ ನಿಧಾನಿಸಿ

ಭಾರತದಲ್ಲಿರುವವರಿಗೆ ಅದು ಬುಧವಾರದ ಬೆಳಗ್ಗೆ. ನವೆಂಬರ್ 7ರ ಹೊತ್ತಿಗೆ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಮತದಾನ ಮುಗಿಯುವುದು ರಾತ್ರಿ 8ಕ್ಕೆ, ನಮಗೆ ಬೆಳಗ್ಗೆ 6.30. ಅಲ್ಲಿಂದ ಮುಂದೆ ಬರುವ ಮೊದಲ ಅಂಕಿಗಳು ಮೋಸ ಮಾಡುತ್ತವೆ. ಅಂಚೆ ಮತಗಳ ಲಕೋಟೆ ಬಿಚ್ಚುವ ಕೆಲಸವನ್ನು ಮತದಾನದ ದಿನಕ್ಕೆ ಮೊದಲು ಶುರು ಮಾಡುವಂತಿಲ್ಲ ಅನ್ನುವ ನಿಯಮ 2020ರಲ್ಲೂ 2024ರಲ್ಲೂ ಪೆನ್ಸಿಲ್ವೇನಿಯಾದಲ್ಲಿ, ವಿಸ್ಕಾನ್ಸಿನ್‌ನಲ್ಲಿ ಇತ್ತು. 2020ರಲ್ಲಿ ಅಂಚೆ ಮತ ಜಾಸ್ತಿ ಹಾಕಿದ್ದು ಡೆಮಾಕ್ರಟರು, ಹಾಗಾಗಿ ಟ್ರಂಪ್ ಮೊದಲು ಮುಂದಿದ್ದು ಆಮೇಲೆ ಹಿಂದೆ ಬಿದ್ದರು. ಅದು ಎಣಿಕೆಯ ಕ್ರಮ. ಮೋಸ ಅಂತ ಕೂಗಿದವರಲ್ಲಿ ಕೆಲವರಿಗಾದರೂ ಅದು ಮೊದಲೇ ಗೊತ್ತಿತ್ತು.

ಚಾನೆಲ್‌ಗಳ ಅವಸರಕ್ಕೆ ದೊಡ್ಡ ಪಾಠ 2000ದ ಫ್ಲೋರಿಡಾ. ರಾತ್ರಿ 8ರೊಳಗೆ ಡೆಮಾಕ್ರಟರ ಅಭ್ಯರ್ಥಿ ಗೋರ್ ಗೆದ್ದರು ಅಂದರು, ಹಿಂದೆ ತೆಗೆದುಕೊಂಡರು. ನಡುರಾತ್ರಿ 2ರ ಮೇಲೆ ಬುಷ್ ಅಂದರು, ಅದನ್ನೂ ಹಿಂದೆ ತೆಗೆದುಕೊಂಡರು. ಮೊದಲು ಬುಷ್ ಅಂದ ಫಾಕ್ಸ್ ನ್ಯೂಸ್‌ನಲ್ಲಿ ಆ ರಾತ್ರಿ ಅಂಕಿ ನೋಡುವ ತಂಡದ ಮುಖ್ಯಸ್ಥ ಜಾನ್ ಎಲ್ಲಿಸ್, ಬುಷ್ ಅವರ ಹತ್ತಿರದ ನೆಂಟ. ಕೊನೆಗೆ ಅಂತರ 537 ಮತ, ಮುಗಿದದ್ದು ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಆದ್ದರಿಂದ ಒಂದು ಚಾನೆಲ್ ಹೇಳಿದರೆ ಕಾಯಿರಿ. ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಮತ್ತು ನಿಮಗೆ ಇಷ್ಟವಿಲ್ಲದ ಒಂದು ಚಾನೆಲ್ ಕೂಡ ಅದನ್ನೇ ಹೇಳಿದ ಮೇಲೆ ಮಗನಿಗೆ ಫೋನ್ ಮಾಡಿ. 2020ರಲ್ಲಿ ಮತದಾನ ಮಂಗಳವಾರ ನಡೆಯಿತು, ಫಲಿತಾಂಶ ಹೇಳಿದ್ದು ಶನಿವಾರ.

ಆಮೇಲೂ ದೂರುಗಳು ಬರುತ್ತವೆ. ಹೆಚ್ಚಿನ ರಾಜ್ಯಗಳಲ್ಲಿ, ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಜಾಲತಾಣದಲ್ಲಿ ಕೌಂಟಿವಾರು (ನಮ್ಮ ಜಿಲ್ಲೆವಾರು ಹಾಗೆ) ಎಣಿಕೆ ಇರುತ್ತದೆ, ಅದನ್ನು ನೋಡಿ. ಕೋರ್ಟಿಗೆ ಹೋಗಿದ್ದಾರೆ ಅಂದರೆ ತೀರ್ಪು ಏನಾಯಿತು ಅಂತ ಕೇಳಿ. 2020ರಲ್ಲಿ ಟ್ರಂಪ್ ಕಡೆಯವರು ಹಾಕಿದ 60ಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಹತ್ತಿರಹತ್ತಿರ ಎಲ್ಲವೂ ಬಿದ್ದುಹೋದವು, ತೀರ್ಪು ಕೊಟ್ಟವರಲ್ಲಿ ಟ್ರಂಪ್ ಅವರೇ ನೇಮಿಸಿದ ನ್ಯಾಯಾಧೀಶರೂ ಇದ್ದರು. ಈ ಸಲ ಎಲೆಕ್ಟರ್‌ಗಳು, ಅಂದರೆ ಆ 538 ಮತ ಹಾಕುವ ಪ್ರತಿನಿಧಿಗಳು, ತಮ್ಮ ತಮ್ಮ ರಾಜ್ಯದಲ್ಲಿ ಸೇರಿ ಮತ ಹಾಕುವುದು ಡಿಸೆಂಬರ್ 19ಕ್ಕೆ. ಅಲ್ಲಿಯವರೆಗೆ ಬರುವ ಫಾರ್ವರ್ಡ್‌ಗಳಿಗೆ ಮೂರನೇ ಹೆಜ್ಜೆ ಮತ್ತೆ ಕೆಲಸಕ್ಕೆ ಬರುತ್ತದೆ.